ಸೀಮೆಸುಣ್ಣದ ಗುರುತು

ಹಳಿಯಾಳದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಂಗಡಿ ಎಂದರೆ ಎಷ್ಟು ದೊಡ್ಡದು ಅನ್ನುತ್ತೀರಿ, ಗಿರಾಕಿ ಒಳಗೆ ಬಂದು ಕೂತರೆ ನಾನು ಎದ್ದು ನಿಲ್ಲಬೇಕು. ಊರಲ್ಲಿ ಇದೇ ಕೆಲಸ ಮಾಡುವವರು ಇನ್ನೂ ಏಳೆಂಟು ಮಂದಿ ಇದ್ದಾರೆ. ಅವರಿಗೆ ಬಾರದ ಒಂದು ವಿದ್ಯೆ ನನಗೆ ಬರುತ್ತದೆ ಎಂಬ ಸೊಕ್ಕು ನನಗೆ ಬಹಳ ವರ್ಷ ಇತ್ತು. ಕಂಪನಿಯವರು ಕೀಲಿ ಹಾಕಿ ಕೊಟ್ಟ ಟ್ಯಾಬುಗಳ ಕೀಲಿ ತೆಗೆದು, ಅದರೊಳಗಿನ ಸಾಫ್ಟ್‌ವೇರನ್ನು ಬುಡಸಮೇತ ಕಿತ್ತು, ಯಾರ ಹಂಗೂ ಇಲ್ಲದ ಬೇರೆ ಸಾಫ್ಟ್‌ವೇರ್ ಕೂರಿಸುವ ವಿದ್ಯೆ ಅದು. ದಾಂಡೇಲಿ, ಜೋಯಿಡಾ, ಮುಂಡಗೋಡ ಎಲ್ಲ ಕಡೆಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಬೇರೆ ಅಂಗಡಿಯವರು ಕೈಚೆಲ್ಲಿದ್ದನ್ನು ನಾನು ತೆಗೆದುಕೊಂಡು, "ಬಿಟ್ಟು ಹೋಗ್ರಿ" ಅನ್ನುತ್ತಿದ್ದೆ. ಹಾಗೆ ಅನ್ನುವುದರಲ್ಲಿ ಒಂದು ಸುಖ ಇತ್ತು.

ಈ ಹುಚ್ಚು ನನಗೆ ಹತ್ತಿದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನ ಒಬ್ಬ ಲಾಮಾ ಅವರಿಂದ. ಅವರ ಸಂಬಂಧಿಕರು ಪರದೇಶದಿಂದ ಒಂದು ಟ್ಯಾಬ್ ಕಳಿಸಿದ್ದರು. ಅಲ್ಲಿನ ಯಾವುದೋ ಕಂಪನಿಯ ಕೀಲಿ ಅದಕ್ಕಿತ್ತು; ಇಲ್ಲಿ ಅದು ಬರೀ ಹೊಳೆಯುವ ಹಲಗೆ. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿಟ್ಟ ವಿಧಾನವನ್ನು ಅವರು ಇಂಗ್ಲಿಷಿನಲ್ಲಿ ಓದಿ ಹಿಂದಿಯಲ್ಲಿ ಹೇಳುವುದು, ನಾನು ಕೈಯಾಡಿಸುವುದು. ಐದು ದಿನ ಹಿಡಿಯಿತು. ಎರಡು ಸಲ ಸತ್ತೇ ಹೋಯಿತು ಎಂದುಕೊಂಡೆವು. ಐದನೇ ದಿನ ಅದು ಕಣ್ಣು ಬಿಟ್ಟಾಗ ಆ ಗಂಭೀರ ಮನುಷ್ಯ ಸಣ್ಣ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಒಳಗೆ ಸಂಬಂಧಿಕರು ತುಂಬಿ ಕಳಿಸಿದ್ದ ಫೋಟೋಗಳೆಲ್ಲ ಹೋಗಿದ್ದವು. ಕೀಲಿ ತೆಗೆದ ಕ್ಷಣವೇ ಒಳಗಿನದೆಲ್ಲ ತಾನಾಗಿ ಅಳಿಸಿಹೋಗುವಂತೆ ಇವನ್ನು ಮಾಡಿರುತ್ತಾರೆ, ಕಳ್ಳರ ಕೈಗೆ ಸಿಗಬಾರದೆಂದು. ನನಗೆ ಅದು ಗೊತ್ತಿರಲಿಲ್ಲ. ಲಾಮಾ ನಕ್ಕು, ಹೋಗಲಿ ಬಿಡು, ಭಾರ ಇಳಿಯಿತು ಎಂದರು.

ಅಂದಿನಿಂದ ಯಾರೇ ಟ್ಯಾಬ್ ತಂದರೂ ಮೊದಲು ಒಂದೇ ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡೆ. ಒಳಗ ಏನರ ಬೇಕಾಗಿದ್ದು ಐತೇನ್ರಿ? ಎಲ್ಲರೂ ಇಲ್ಲ ಎನ್ನುತ್ತಿದ್ದರು.

ಕರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಪಾಠ ಹೇಳಿಕೊಡುವ ಒಂದು ಕಂಪನಿ ದಾಂಡೇಲಿ, ಜೋಯಿಡಾ ಸುತ್ತಲಿನ ಮಕ್ಕಳಿಗೆ ಟ್ಯಾಬ್ ಹಂಚಿತ್ತು. ಕೆಲವು ವರ್ಷಗಳ ಮೇಲೆ ಕಂಪನಿಯೇ ಬಾಗಿಲು ಹಾಕಿಕೊಂಡಿತು. ಟ್ಯಾಬುಗಳು ಉಳಿದವು, ಕೀಲಿಯೂ ಉಳಿಯಿತು. ಆನ್ ಮಾಡಿದರೆ ಒಂದೇ ಪುಟ: ಈ ಉಪಕರಣ ನಿಮ್ಮ ಸಂಸ್ಥೆಯ ನಿಯಂತ್ರಣದಲ್ಲಿದೆ, ಮೇಲ್ವಿಚಾರಕರನ್ನು ಸಂಪರ್ಕಿಸಿ. ಮೇಲ್ವಿಚಾರಕರು ಯಾವ ಊರಲ್ಲಿದ್ದಾರೋ ಆ ದೇವರೇ ಬಲ್ಲ. ಜೋಯಿಡಾ ಕಡೆಯ ಒಬ್ಬ ಹೆಡ್‌ಮಾಸ್ತರು ತಮ್ಮ ಶಾಲೆಯ ಇಪ್ಪತ್ತೆರಡು ಟ್ಯಾಬುಗಳನ್ನು ಒಂದು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದು ನನ್ನ ಮುಂದೆ ಸುರಿದರು. ಎಲ್ಲವೂ ಕರಿ ಬಣ್ಣ, ಒಂದೇ ಅಚ್ಚು. ದೀಪಾವಳಿಯೊಳಗೆ ಬೇಕು, ಒಳಗಿನದು ಏನೂ ಬೇಡ ಎಂದರು.

ಅದೇ ವಾರ ಒಬ್ಬ ಮನುಷ್ಯ ಬಂದ. ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಪೇಪರ್ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡುವವನು. ಮೂಲ ಧಾರವಾಡದ ಕಡೆಯವನು. ಅರಿವೆಯ ಚೀಲದಿಂದ ಅಂಥದೇ ಒಂದು ಕರಿ ಟ್ಯಾಬ್ ತೆಗೆದ. ನಾನು ರೂಢಿಯಂತೆ ಪ್ರಶ್ನೆ ಕೇಳಿದೆ. ಅವನು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದ:

"ನನ್ನ ಮಗಳ ದನಿ ಐತ್ರಿ ಇದರಾಗ."

ಮಗಳು ಏಳನೇ ಇಯತ್ತೆಯಲ್ಲಿದ್ದಳು. ಹಿಂದಿನ ವರ್ಷ ಮಳೆಗಾಲದಲ್ಲಿ ಜ್ವರ ಬಂದು, ಆರೇ ದಿನಕ್ಕೆ ಹೋಗಿಬಿಟ್ಟಿದ್ದಳು. ಆ ಕಂಪನಿಯ ಪಾಠದಲ್ಲಿ ಮಕ್ಕಳು ಪುಟ ಓದಿ ತಮ್ಮ ದನಿಯನ್ನು ಅದರಲ್ಲೇ ತುಂಬಬೇಕಿತ್ತು. ನೆಟ್‌ವರ್ಕ್ ಸಿಕ್ಕಾಗ ಅದು ಕಂಪನಿಗೆ ಹೋಗುತ್ತಿತ್ತು. ಇವರ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಹೀಗಾಗಿ ಅವಳು ಓದಿದ್ದು ಯಾವುದೂ ಎಲ್ಲಿಗೂ ಹೋಗದೆ ಟ್ಯಾಬಿನೊಳಗೇ ಕೂತಿತ್ತು. ಮನೆಯಲ್ಲಿ ಅವಳ ನಾಲ್ಕು ಫೋಟೋ ಇವೆ, ದನಿ ಮಾತ್ರ ಎಲ್ಲೂ ಇಲ್ಲ. ಅವನದು ಗುಂಡಿ ಒತ್ತುವ ಹಳೇ ಫೋನು. ಹೆಂಡತಿಗೆ ಈಚೆಗೆ ಮಗಳ ದನಿ ನೆನಪಿಗೆ ಬರುವುದಿಲ್ಲವಂತೆ. ಮುಖ ಬರುತ್ತದೆ, ದನಿ ಬರುವುದಿಲ್ಲ ಎಂದು ಅಳುತ್ತಾಳಂತೆ.

ನಾನು ಮಾಡುವ ಮಾಮೂಲಿ ದಾರಿಯಲ್ಲಿ ಹೋದರೆ ದನಿ ಅಳಿಸಿಹೋಗುತ್ತದೆ. ಆದರೆ ಆ ಟ್ಯಾಬುಗಳಲ್ಲಿ ಇದ್ದದ್ದು ಹಳೆಯ ಚಿಪ್ಪು. ಅದರಲ್ಲಿ ಒಂದು ಸಂದು ಇದೆ, ಕೀಲಿ ಮುಟ್ಟದೆಯೇ ಆ ಸಂದಿನಿಂದ ಒಳಗಿನದನ್ನು ಓದಿಕೊಳ್ಳಬಹುದು ಎಂದು ನಾನು ಓದಿದ್ದೆ. ಮಾಡಿ ನೋಡಿರಲಿಲ್ಲ. ಹಾಗೆಂದೇ ಅವನಿಗೆ ಹೇಳಿದೆ. ಆಗುತ್ತದೆ ಎಂದು ಹೇಳಲಾರೆ, ಆಗುವುದಿಲ್ಲ ಎಂದೂ ಹೇಳಲಾರೆ, ಬಿಟ್ಟು ಹೋಗಿರಿ ಎಂದೆ. ಅವನು ಬಿಟ್ಟು ಹೋದ. ಬಾಗಿಲಿಗೆ ಹೋಗಿ ಒಮ್ಮೆ ತಿರುಗಿ ನೋಡಿದ.

ಗುರುತಿಗೆ ನಾನು ಯಾವಾಗಲೂ ಸೀಮೆಸುಣ್ಣವನ್ನೇ ಬಳಸುವವನು. ಚೀಟಿ ಅಂಟಿಸಿದರೆ ಹಿಂಬದಿ ಬಿಚ್ಚಲು ಬಿಸಿ ಮಾಡುವಾಗ ಅಂಟು ಕರಗಿ ರಾಡಿಯಾಗುತ್ತದೆ. ಪೆನ್ನಿನಲ್ಲಿ ಬರೆದರೆ ಗಿರಾಕಿ ಬೈಯುತ್ತಾನೆ. ಆ ಟ್ಯಾಬಿನ ಬೆನ್ನ ಮೇಲೆ ಸೀಮೆಸುಣ್ಣದಿಂದ ಒಂದು ದೊಡ್ಡ ಸುತ್ತು ಹಾಕಿ, ಮೇಲಿನ ಹಲಗೆಯ ಮೇಲೆ ಒಂಟಿಯಾಗಿ ಇಟ್ಟೆ. ನಂಬರು ಬರೆದಿಟ್ಟುಕೊಳ್ಳಬಹುದಿತ್ತು, ಪ್ರತಿ ಟ್ಯಾಬಿಗೂ ಅದರದೇ ನಂಬರು ಇರುತ್ತದೆ. ಸುತ್ತು ಹಾಕಿದ್ದೇನಲ್ಲ, ಇನ್ನೇನು ಬೇಕು ಎಂದುಕೊಂಡೆ.

ಮೊದಲು ಅದನ್ನೇ ಕೈಗೆ ತೆಗೆದುಕೊಳ್ಳಬೇಕಿತ್ತು. ಹೊಸ ಕೆಲಸ, ಸಮಾಧಾನದಿಂದ ಮಾಡೋಣ, ಹಬ್ಬ ಮುಗಿಯಲಿ ಎಂದು ಮುಂದೂಡಿದೆ.

ಹಬ್ಬ ಎಂದರೆ ಖಂಡೇ ಪೂಜೆ, ದಸರಾದ ಹಿಂದಿನ ದಿನದ ಆಯುಧಪೂಜೆ. ವರ್ಷಕ್ಕೆ ಅದೊಂದು ದಿನ ನನ್ನ ತಾಯಿ ಅಂಗಡಿಗೆ ಬರುತ್ತಿದ್ದಳು. ಎಪ್ಪತ್ತಾರು ವರ್ಷದ ಹೆಂಗಸು, ಮೊಣಕಾಲು ಹಿಡಿದುಕೊಂಡೇ ಬಂದು, ನನ್ನ ಸಾಮಾನನ್ನೆಲ್ಲ ತಾನೇ ಒರೆಸಿ, ಜಮಖಾನ ಹಾಸಿ ಸಾಲಾಗಿ ಇಟ್ಟು ಪೂಜೆ ಮಾಡಬೇಕು. ಯಾರೂ ಕೈ ಹಚ್ಚಬಾರದು. ಒಂದು ಸ್ಕ್ರೂಡ್ರೈವರ್ ಬಿಟ್ಟರೂ ಅದು ಮುನಿಸಿಕೊಳ್ಳುತ್ತದೆ, ವರ್ಷವಿಡೀ ಕೈಗೆ ಬಗ್ಗುವುದಿಲ್ಲ ಎಂದು ಅವಳ ನಂಬಿಕೆ. ಅಪ್ಪನ ಕಾಳಿನ ಅಂಗಡಿಯಲ್ಲಿ ತಕ್ಕಡಿಗೂ ತೂಕದ ಬಟ್ಟುಗಳಿಗೂ ಹೀಗೆಯೇ ಮಾಡುತ್ತಿದ್ದಳು. ನಾನು ಅವಳನ್ನು ಅಂಗಡಿಯಲ್ಲಿ ಕೂರಿಸಿ ತೆಂಗಿನಕಾಯಿ, ಬಾಳೆಹಣ್ಣು ತರಲು ಹೋದೆ. ದಾರಿಯಲ್ಲಿ ಒಬ್ಬ ಗೆಳೆಯ ಸಿಕ್ಕು ಚಹಾ ಕುಡಿಸಿದ.

ವಾಪಸು ಬಂದಾಗ ಪೂಜೆಯ ಸಿದ್ಧತೆ ಮುಗಿದಿತ್ತು. ಜಮಖಾನದ ಮೇಲೆ ಇಪ್ಪತ್ತಮೂರು ಟ್ಯಾಬು ಬೋರಲು ಮಲಗಿದ್ದವು. ಪ್ರತಿಯೊಂದರ ಬೆನ್ನಿಗೂ ಮೂರೆಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡು ಹೂವು. ಮೇಲಿನ ಹಲಗೆ ಖಾಲಿ ಇತ್ತು. ಮೇಲೆ ಇಟ್ಟಿದ್ದು ಎಲ್ಲಿ ಎಂದು ಕೇಳಿದೆ.

"ಅದೊಂದನ್ಯಾಕ ಬಿಡೂದಂತ ತಗದೆ. ಬೆನ್ನ ಮ್ಯಾಲೆ ಏನೋ ಬಿಳೇದು ಹತ್ತಿತ್ತಪಾ, ಛೊಲೋತ್ನಂಗ ಒರಸೇನಿ" ಎಂದಳು. ಅವಳ ಮುಖದಲ್ಲಿ ಕೆಲಸ ಮಾಡಿದ ತೃಪ್ತಿ ಇತ್ತು.

ಪೂಜೆಯ ಹೊತ್ತು ಮೀರುತ್ತಿತ್ತು. ಕಾಯಿ ಒಡೆದೆ. ಆರತಿ ಬೆಳಗುವಾಗಲೂ ನನ್ನ ಕಣ್ಣು ಒಂದೊಂದೇ ಟ್ಯಾಬಿನ ಮೇಲೆ ಓಡಾಡುತ್ತಿತ್ತು. ಆನ್ ಮಾಡಿ ನೋಡಿದರೂ ಎಲ್ಲದರಲ್ಲೂ ಅದೇ ಪುಟ, ಅದೇ ಮೇಲ್ವಿಚಾರಕರು. ಒಂದರ ಎಡಮೂಲೆಯಲ್ಲಿ ಸಣ್ಣ ಸೀಳು ಇತ್ತು. ಅವನು ಚೀಲದಿಂದ ತೆಗೆದಾಗ ಮೂಲೆಯಲ್ಲಿ ಸೀಳು ಕಂಡಿದ್ದೆನೇ? ಕಂಡಿದ್ದೆ ಅನಿಸಿತು. ಸ್ವಲ್ಪ ಹೊತ್ತಿಗೆ ಕಂಡೇ ಕಂಡಿದ್ದೆ ಅನಿಸಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು, ಗಿರಾಕಿಯ ಸಾಮಾನು ಕೈಗೆ ಗೊತ್ತಾಗುವುದಿಲ್ಲವೇ ಎಂದು ಅದನ್ನೇ ತೆಗೆದು ಮತ್ತೆ ಮೇಲಿನ ಹಲಗೆಯ ಮೇಲೆ ಇಟ್ಟೆ.

ಮರುದಿನ ದಸರಾ. ಆ ಮನುಷ್ಯ ದಾಂಡೇಲಿಯಿಂದ ಬಸ್ಸಿಗೆ ಬಂದು ಬನ್ನಿ ಕೊಟ್ಟ. ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಎಂದು ಕೈ ಮುಗಿದ. ಟ್ಯಾಬಿನ ಮಾತು ತಾನಾಗಿ ಎತ್ತಲಿಲ್ಲ, ಸುಮ್ಮನೆ ಮೇಲಿನ ಹಲಗೆಯನ್ನು ನೋಡಿದ. ನಾನೂ ನೋಡಿದೆ. ಅವನ ಪಕ್ಕದಲ್ಲೇ, ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ಉಳಿದ ಇಪ್ಪತ್ತೆರಡು ಟ್ಯಾಬಿನ ರಾಶಿ ಇತ್ತು. ಇದರಲ್ಲಿ ನಿಮ್ಮದು ಯಾವುದು, ಸ್ವಲ್ಪ ನೋಡಿ ಹೇಳಿರಿ ಎಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಮಗಳ ದನಿ ನಂಬಿ ಕೊಟ್ಟವನಿಗೆ, ನಿಮ್ಮ ಟ್ಯಾಬ್ ಯಾವುದೋ ನನಗೆ ತಿಳಿಯದಾಗಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕೆಲಸ ನಡೆದೈತ್ರಿ ಎಂದೆ. ಅವನು ಸಂತೋಷದಿಂದ ಹೋದ.

ಹೆಡ್‌ಮಾಸ್ತರರ ಫೋನು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಮೊದಲು ಅವರದನ್ನು ಮುಗಿಸೋಣ ಎಂದು ಕೂತೆ. ಕೇಬಲ್ ಚುಚ್ಚುವುದು, ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿಯುವುದು, ಕರಿ ಪರದೆಯ ಮೇಲೆ ಸಣ್ಣ ಅಕ್ಷರ ಬರುವುದು. ಒಳಗಿನದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳುತ್ತದೆ. ಹೌದು ಎಂದು ಒತ್ತುವುದು. ಹೊಸ ಸಾಫ್ಟ್‌ವೇರ್ ಏರಿದ ಮೇಲೆ ಒಂದು ನೀಲಿ ಚಿತ್ರ ಮೂಡುತ್ತದೆ, ಟ್ಯಾಬು ಹಗುರಾಗಿ ಓಡುತ್ತದೆ. ದಿನಕ್ಕೆ ಮೂರರಂತೆ, ಚಹಾ ಕುಡಿಯುತ್ತ, ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತ ಇಪ್ಪತ್ತೆರಡು ಸಲ ಹೌದು ಎಂದು ಒತ್ತಿದೆ. ಒಂದು ಸಲವೂ ಕೈ ತಡೆಯಲಿಲ್ಲ.

ಆಮೇಲೆ ಸೀಳಿದ ಮೂಲೆಯ ಟ್ಯಾಬನ್ನು ಕೆಳಗಿಳಿಸಿದೆ. ನಾಲ್ಕು ದಿನ ಅದರ ಬೆನ್ನು ಬಿದ್ದೆ. ಬೆನ್ನು ಬಿಚ್ಚಿ, ಒಂದು ಸಣ್ಣ ಬಿಂದುವಿಗೆ ತಂತಿ ಮುಟ್ಟಿಸಿ, ಸರಿಯಾದ ಕ್ಷಣಕ್ಕೆ ಕೇಬಲ್ ಚುಚ್ಚಬೇಕು. ತುಸು ತಪ್ಪಿದರೂ ಮೊದಲಿನಿಂದ. ನಾಲ್ಕನೇ ದಿನ ಮಧ್ಯಾಹ್ನ ಅದು ಒಳಗಿನದನ್ನು ಬಿಟ್ಟುಕೊಟ್ಟಿತು. ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಹನ್ನೊಂದು ಧ್ವನಿಮುದ್ರಿಕೆ. ಮೊದಲನೆಯದನ್ನು ಒತ್ತಿದೆ. ಒಂದು ಹೆಣ್ಣುಮಗು ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಲು ಶುರು ಮಾಡಿತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅನುಮಾನ ಎಂಬುದು ಹತ್ತಿರ ಸುಳಿಯಲಿಲ್ಲ. ಆ ಕೂಡಲೇ ಅವನಿಗೆ ಫೋನ್ ಮಾಡಿ, ಮನೆಯವರನ್ನೂ ಕರೆದುಕೊಂಡು ಬರ್ರಿ ಎಂದೆ.

ಮರುದಿನ ಇಬ್ಬರೂ ಬಂದರು. ಆ ತಾಯಿ ಒಳ್ಳೆಯ ಇಲಕಲ್ ಸೀರೆ ಉಟ್ಟುಕೊಂಡು, ನನಗೆಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದಳು. ಇದ್ದ ಒಂದೇ ಸ್ಟೂಲಿನ ಮೇಲೆ ಅವಳನ್ನು ಕೂರಿಸಿದೆ. ಸೆರಗು ಸರಿಮಾಡಿಕೊಂಡು, ಯಾರೋ ಹಿರಿಯರು ಬರುತ್ತಾರೆ ಎನ್ನುವಂತೆ ಕೂತಳು. ನಾನು ಒತ್ತಿದೆ. ನೀರು ಆವಿಯಾಗಿ ಮೋಡವಾಗುವ ಪಾಠ. ಅವಳು ತಲೆ ತಗ್ಗಿಸಿ ಕೇಳಿದಳು. ನಾಲ್ಕು ಸಾಲು ಆಯಿತು. ತಲೆ ಎತ್ತಿದಳು.

"ಇದು ನಮ್ಮಾಕಿ ಅಲ್ರಿ."

ಗಂಡ ಅವಳ ಕಡೆ ನೋಡಿದ, ಆಮೇಲೆ ನನ್ನ ಕಡೆ. ಮುಂದಿನದು ಹಚ್ಚಿರಿ ಎಂದಳು. ಹಚ್ಚಿದೆ. ಹನ್ನೊಂದನ್ನೂ ಹಚ್ಚಿಸಿದಳು. ಒಂದನ್ನೂ ನಡುವೆ ನಿಲ್ಲಿಸಗೊಡಲಿಲ್ಲ, ಕೊನೆಯ ತನಕ ಕೇಳಿದಳು. ಎಲ್ಲ ಮುಗಿದ ಮೇಲೆ, "ಯಾರ ಮಗಳೋ ಏನೋ, ಛೊಲೋ ಓದತಾಳ" ಎಂದಳು.

ಎಲ್ಲೋ ಅದಲುಬದಲಾಗಿದೆ, ಹುಡುಕುತ್ತೇನೆ, ಮುಂದಿನ ವಾರ ಬರ್ರಿ ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸಿದೆ. ಹುಡುಕಲು ಏನೂ ಉಳಿದಿಲ್ಲ ಎಂದು ಆ ಮಾತು ಆಡುವಾಗಲೇ ನನಗೆ ಗೊತ್ತಿತ್ತು. ಹೋಳಿಗೆಯ ಡಬ್ಬಿ ಅಲ್ಲೇ ಇತ್ತು. ಅದನ್ನು ಮನೆಗೆ ಒಯ್ಯಲು ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ.

ಮನೆಗೆ ಹೋದವನೇ ತಾಯಿಯ ಮೇಲೆ ಹರಿಹಾಯ್ದೆ. ನಿನ್ನ ಪೂಜೆ, ನಿನ್ನ ಒರೆಸುವ ಚಟ, ಯಾರದೋ ಮಗಳನ್ನು ಎರಡನೇ ಸಲ ಕೊಂದೆ ಎಂದೆ. ಹೌದು, ಅದೇ ಮಾತು ಅಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಅವಳು ಒರೆಸಿದ್ದು ಸುಣ್ಣವನ್ನು. ದನಿ ಅಳಿಸಿದ್ದು ನಾನು. ಅದನ್ನು ಅವಳಿಗೆ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಇರಲಿ ಬಿಡಪಾ ಎಂದಳು. ಆದರೆ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮುಂದಿನ ಖಂಡೇ ಪೂಜೆಗೆ ಕುಂಕುಮ, ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಯಲ್ಲೇ ಕೊಟ್ಟು ಕಳಿಸಿದಳು.

ಮುಂದಿನ ವಾರ ಆ ಮನುಷ್ಯ ಒಬ್ಬನೇ ಬಂದ. ಅಷ್ಟು ದಿನ ಏನೇನೋ ಸುಳ್ಳು ಕಟ್ಟಿಟ್ಟುಕೊಂಡಿದ್ದೆ. ಅವನ ಮುಖ ನೋಡಿ ಯಾವುದೂ ಹೊರಗೆ ಬರಲಿಲ್ಲ. ಸೀಮೆಸುಣ್ಣದಿಂದ ಹಿಡಿದು ಎಲ್ಲ ಹೇಳಿದೆ, ದಸರಾದ ದಿನ ಕೇಳಬಹುದಾಗಿತ್ತು, ಕೇಳಲಿಲ್ಲ ಎಂಬುದನ್ನೂ ಹೇಳಿದೆ. ಹೆಡ್‌ಮಾಸ್ತರು ಇನ್ನೂ ಒಯ್ದಿರಲಿಲ್ಲ. ಇಪ್ಪತ್ತೆರಡೂ ಟ್ಯಾಬು ಕೌಂಟರಿನ ಮೇಲೇ ಇದ್ದವು. ಅವನು ಎದ್ದು ಒಂದೊಂದನ್ನೇ ಎತ್ತಿ, ಚಾರ್ಜರ್ ಚುಚ್ಚುವ ಕಡೆ ಹೆಬ್ಬೆರಳು ಆಡಿಸಿ ಕೆಳಗಿಟ್ಟ. ಆರನೆಯದನ್ನು ಕೆಳಗೆ ಇಡಲಿಲ್ಲ.

ಚಾರ್ಜರಿನ ತುದಿ ಸರಿಯಾಗಿ ಹೋಗುತ್ತಿರಲಿಲ್ಲವಂತೆ. ಮಗಳು ಗಲಾಟೆ ಮಾಡುತ್ತಿದ್ದಳೆಂದು ಮಿಲ್ಲಿನಿಂದ ಅರ ತಂದು ತಾನೇ ಆ ಅಂಚನ್ನು ತುಸು ಉಜ್ಜಿದ್ದನಂತೆ. ಹೆಬ್ಬೆರಳಿಗೆ ಅದು ಗೊತ್ತಾಗುತ್ತದೆ ಎಂದ. ನಾನೂ ಮುಟ್ಟಿ ನೋಡಿದೆ. ಗೊತ್ತಾಗುತ್ತಿತ್ತು. ಒಂದು ನಿಮಿಷವೂ ಹಿಡಿದಿರಲಿಲ್ಲ ಅವನಿಗೆ.

ಆನ್ ಮಾಡಿದ. ನೀಲಿ ಚಿತ್ರ ಬಂತು. ಅದು ಬಹಳ ಚೆನ್ನಾಗಿ ಓಡುತ್ತಿತ್ತು. ಅವನು ಬೈದಿದ್ದರೆ, ಒಂದು ಏಟು ಹೊಡೆದಿದ್ದರೆ ನಾನು ಬದುಕುತ್ತಿದ್ದೆ. ಅವನು ಸ್ಟೂಲಿನ ಮೇಲೆ ಕೂತು, ಆ ನೀಲಿಯನ್ನೇ ನೋಡಿದ. ನಾನು ಚಹಾ ತರಿಸಿದೆ, ಅದು ಆರಿಹೋಯಿತು. ಕಡೆಗೆ, ಮೊದಲಿನ ಕೀಲಿ ಮತ್ತೆ ಹಾಕಲು ಬರುತ್ತದೆಯೇ ಎಂದು ಕೇಳಿದ. ಯಾಕ್ರಿ ಎಂದೆ.

"ಆಕಿಗೆ ಇದನ್ನ ಹೇಳಬ್ಯಾಡ್ರಿ" ಎಂದ. "ಮೊದಲ ಹೆಂಗಿತ್ತೋ ಹಂಗ ಕೀಲಿ ಹಾಕಿ ಕೊಡ್ರಿ. ನಮ್ಮದು ಸಿಕ್ಕೈತಿ, ಖರೆ ತಗಿಲಿಕ್ಕೆ ಬರಲಿಲ್ಲ ಅಂತ ಹೇಳತೇನಿ. ಒಳಗ ಐತಿ ಅಂತ ತಿಳಕೊಂಡರ ಆಕಿ ಊಟಾ ಮಾಡತಾಳ್ರಿ."

ಸೀಳಿದ ಮೂಲೆಯ ಟ್ಯಾಬಿನಿಂದ ತೆಗೆದುಕೊಂಡ ಕಂಪನಿಯ ಹಳೇ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಇತ್ತು. ಅದರಿಂದ ಆ ಇನ್ನೊಂದು ಮಗುವಿನ ಓದನ್ನು ಮೊದಲು ಬೇರೆ ಮಾಡಿ ತೆಗೆದೆ. ಉಳಿದದ್ದನ್ನು ಇವನ ಟ್ಯಾಬಿಗೆ ಏರಿಸಿದೆ. ಅಷ್ಟು ವರ್ಷ ಕೀಲಿ ತೆಗೆದವನು ಜೀವನದಲ್ಲಿ ಮೊದಲ ಸಲ ಕೀಲಿ ಹಾಕುತ್ತಿದ್ದೆ. ಎರಡು ತಾಸು ಹಿಡಿಯಿತು, ಅವನು ಕೂತೇ ಇದ್ದ. ಮೇಲ್ವಿಚಾರಕರನ್ನು ಸಂಪರ್ಕಿಸಿ ಎಂಬ ಪುಟ ಬಂದಾಗ ಇಬ್ಬರೂ ಬಗ್ಗಿ ನೋಡಿದೆವು. ಎಲ್ಲಾದರೂ ಸಡಿಲ ಇದೆಯೇ ಎಂದು ನಾನು ನಾಲ್ಕು ಕಡೆಯಿಂದ ಒತ್ತಿದೆ, ಆರಿಸಿ ಮತ್ತೆ ಹಚ್ಚಿದೆ. ಎಲ್ಲೂ ಬಿಚ್ಚಿಕೊಳ್ಳಲಿಲ್ಲ. ಅವನು ಅದನ್ನು ಅರಿವೆಯ ಚೀಲದಲ್ಲಿ ಹಾಕಿಕೊಂಡು ದಾಂಡೇಲಿ ಬಸ್ಸಿಗೆ ಹೋದ.

ಸೀಳಿದ ಮೂಲೆಯದರ ಕೀಲಿಯನ್ನೂ ತೆಗೆದು ರಾಶಿಗೆ ಸೇರಿಸಿದೆ; ಶಾಲೆಯ ಟ್ಯಾಬುಗಳನ್ನು ಹೆಡ್‌ಮಾಸ್ತರು ಒಯ್ದರು. ಮಕ್ಕಳು ಖುಷಿಯಾಗಿದ್ದಾರೆ ಎಂದು ಫೋನ್ ಮಾಡಿದ್ದರು. ಹೊಸದಾಗಿ ಯಾರಾದರೂ ಟ್ಯಾಬ್ ತಂದರೆ ಈಗ ಬೇರೆ ಅಂಗಡಿ ತೋರಿಸುತ್ತೇನೆ. ಕಣ್ಣು ಮಂಜಾಗಿದೆ ಎಂದು ನೆಪ ಹೇಳುತ್ತೇನೆ.

ಆ ತಾಯಿ ಹಳಿಯಾಳಕ್ಕೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಾಳೆ. ಮೊನ್ನೆಯೂ ಬಂದಿದ್ದಳು. ಮೈ ಸ್ವಲ್ಪ ತುಂಬಿಕೊಂಡಿದೆ. ಪ್ರತಿ ಸೋಮವಾರ ಅದನ್ನು ಚಾರ್ಜ್ ಮಾಡಿ ಇಡುತ್ತಾಳಂತೆ. ತೆಗೆಯುವ ಹೊಸ ದಾರಿ ಏನಾದರೂ ಬಂದಿದೆಯೇ ಎಂದು ಕೇಳಿದಳು. ಇನ್ನೂ ಇಲ್ಲರೀ ಅಕ್ಕಾರ ಎಂದೆ. ನನ್ನ ಮುಖ ಹೇಗಾಯಿತೋ ಏನೋ, ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ಇರಲಿ ಬಿಡ್ರಿ ಅಣ್ಣಾರ, ಅವಸರ ಏನಿಲ್ಲ. ಒಳಗ ಅದಾಳಲ್ರಿ."

ಹೌದ್ರಿ ಎಂದೆ.